ತಟ್ಟೆಗಳು ಅಲುಗದ ಭಾನುವಾರ

ಮೂವತ್ತು ವರ್ಷ ಎರ್ಮೆಲಿಂದಾ ಹಾಡುಗಳ ಕೆಳಗಿನ ಅರ್ಧವನ್ನಷ್ಟೇ ಕೇಳಿದ್ದಳು. ಮೇಲಿನ ಅರ್ಧ, ಅಂದರೆ ಮಾತು, ದನಿ, ಅಕಾರ್ಡಿಯನ್ನಿನ ಎಳೆತ, ಅಂಗಳದಲ್ಲಿ ನಿಂತ ಗಂಡಸರಿಗೆ ಸೇರಿದ್ದು. ಗೋಡೆ ದಾಟಿ ಅಡುಗೆಮನೆಗೆ ಬರುತ್ತಿದ್ದುದು ಬಡಿತ ಮಾತ್ರ. ಆ ಬಡಿತಕ್ಕೆ ಸಿಂಕಿನ ಮೇಲಿನ ಹಲಗೆಯಲ್ಲಿದ್ದ ಪಿಂಗಾಣಿ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಬಡಿತ ಹೆಚ್ಚಾದಾಗ ಅವಳು ಒಂದು ಕೈಯಲ್ಲಿ ಕಾವಲಿಯ ಮೇಲಿನ ತೋರ್ತಿಯಾ ರೊಟ್ಟಿ ಮಗುಚುತ್ತ ಇನ್ನೊಂದು ಕೈಯನ್ನು ತಟ್ಟೆಗಳ ಮೇಲೆ ಇಡುತ್ತಿದ್ದಳು. ಅಳುವ ಕೂಸಿನ ಎದೆಯ ಮೇಲೆ ಕೈಯಿಟ್ಟ ಹಾಗೆ.

ವೆಸ್ಲಾಕೊ ಊರಿನ ಹೊರಗಿನ ನಮ್ಮ ಬೀದಿಯಲ್ಲಿ ಭಾನುವಾರ ನಡೆಯುವುದೇ ಹೀಗೆ. ಚರ್ಚಿನಿಂದ ಬಂದ ಗಂಡಸರು ಮೆಸ್ಕೀಟ್ ಸೌದೆಯ ಕೆಂಡ ಮಾಡಿ, ಯಾರದಾದರೂ ಟ್ರಕ್ಕಿನ ಎರಡೂ ಬಾಗಿಲು ತೆರೆದು, ಹಾಡು ಹಚ್ಚಿ, ಬಿಯರ್ ಹಿಡಿದು ಅದರ ಸುತ್ತ ನಿಲ್ಲುತ್ತಾರೆ. ಮಾಂಸ ಸುಡುವುದು ಗಂಡಸರ ಕೆಲಸ ಎಂದು ಹೆಸರು. ಅದನ್ನು ಹಿಂದಿನ ಸಂಜೆಯೇ ನಿಂಬೆ, ಬೆಳ್ಳುಳ್ಳಿ ಹಾಕಿ ನೆನೆಸಿಟ್ಟವರು, ಬೀನ್ಸು ಬೇಯಿಸಿದವರು, ಅಕ್ಕಿ ಹುರಿದು ಅನ್ನ ಮಾಡಿದವರು, ಮೆಣಸಿನಕಾಯಿ ಅರೆದವರು, ಕೊನೆಯಲ್ಲಿ ಜಿಡ್ಡು ಕಟ್ಟಿದ ಜಾಲರಿಯನ್ನು ಉಜ್ಜುವವರು ಯಾರು ಎಂಬ ಮಾತು ಬರುವುದಿಲ್ಲ. ಇಕ್ಕಳ ಹಿಡಿದು ಕೆಂಡದ ಮುಂದೆ ನಿಂತವನ ಬೆನ್ನು ತಟ್ಟಿ, ಚೆನ್ನಾಗಿ ಮಾಡಿದೆ ಕಣೋ ಎಂದು ಎಲ್ಲರೂ ಹೊಗಳುತ್ತಾರೆ.

ಎರ್ಮೆಲಿಂದಾಳ ಗಂಡ ನಿಕನೋರನ ಟ್ರಕ್ಕು ಬೀದಿಗೆಲ್ಲ ದೊಡ್ಡ ದನಿಯದು. ಮುಂದೆ ಒಂದೇ ಸೀಟಿನ ಸಾಲು, ಹಿಂದೆ ಸಾಮಾನು ಹಾಕುವ ತೊಟ್ಟಿ, ಅಂಥ ಹಳೆಯ ಗಾಡಿ. ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿದರೆ ಕ್ಯಾಬಿನ ಹಿಂಗೋಡೆಗೂ ಸೀಟಿಗೂ ನಡುವೆ ಒಂದು ಮೊಳ ಜಾಗ ಸಿಗುತ್ತದೆ. ನಿಕನೋರ್ ಆ ಸಂದಿಯಲ್ಲಿ ದನಿ ಹೆಚ್ಚಿಸುವ ಆಂಪ್ಲಿಫೈಯರನ್ನೂ ಬಡಿತ ಎಬ್ಬಿಸುವ ಬೇಸ್ ಪೆಟ್ಟಿಗೆಯನ್ನೂ ಕೂರಿಸಿದ್ದ. ವರ್ಷಕ್ಕೊಮ್ಮೆ ಹಳೆಯದು ಸಾಲದೆಂದು ತೆಗೆದು ಇನ್ನೂ ದೊಡ್ಡದನ್ನು ತರುತ್ತಿದ್ದ. ಹಗಲಲ್ಲೂ ಆ ಸಂದಿ ಕತ್ತಲೆ. ಹಾಗಾಗಿ ಪ್ರತಿ ಸಲವೂ ಎರ್ಮೆಲಿಂದಾ ಬಲಗಡೆಯ ಬಾಗಿಲಲ್ಲಿ ನಿಂತು ಟಾರ್ಚು ಹಿಡಿಯಬೇಕು.

ದೀಪ ಹಿಡಿಯುವುದು ಕೆಲಸ ಎಂದು ಯಾರೂ ಎಣಿಸುವುದಿಲ್ಲ. ಒಲೆಯ ಮೇಲೆ ಬೀನ್ಸು ಕುದಿಯುತ್ತಿರುತ್ತದೆ, ಹಗ್ಗದ ಮೇಲೆ ಬಟ್ಟೆ ಒಣಗಿರುತ್ತದೆ, ಇವಳು ಅಲ್ಲಾಡದೆ ನಿಂತಿರಬೇಕು. ಅವನು ಎಡಗಡೆಯಿಂದ ಒಳಗೆ ಬಗ್ಗಿ ಸ್ಕ್ರೂ ತಿರುಗಿಸುತ್ತ "ದೀಪ ಸ್ವಲ್ಪ ಮೇಲೆ" ಎನ್ನುತ್ತಿದ್ದ. ಕೈ ನಡುಗಿದರೆ "ನೋಯ್ತಾ? ಇನ್ನೊಂದು ಕೈಗೆ ತಗೋ" ಎನ್ನುತ್ತಿದ್ದ. ಇಟ್ಟುಬಿಡು ಎಂದು ಒಮ್ಮೆಯೂ ಹೇಳಲಿಲ್ಲ. ಆದರೂ ಅವರಿಬ್ಬರ ನಡುವೆ ಹೆಚ್ಚು ಮಾತು ನಡೆದದ್ದು ಆ ಸಂದಿಯ ಎರಡು ಬದಿಗಳಿಂದಲೇ. ಮುಖ ಕಾಣದಿದ್ದಾಗ ನಿಕನೋರನಿಗೆ ಮಾತು ಸಲೀಸು. ಮಕ್ಕಳಾಗದಿದ್ದುದರ ಬಗ್ಗೆ ಅವನು ಒಂದೇ ಒಂದು ಸಲ ಮಾತಾಡಿದ್ದೂ ಅಲ್ಲೇ, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು.

ಸಕ್ಕರೆ ಕಾಯಿಲೆ ಅವನ ಕಾಲಿನಿಂದ ಶುರುವಾಗಿ ಮೂತ್ರಪಿಂಡಕ್ಕೆ ಬಂತು. ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋಗಲೆಂದೇ ಎರ್ಮೆಲಿಂದಾ ಆ ಟ್ರಕ್ಕು ಓಡಿಸುವುದನ್ನು ರೂಢಿಸಿಕೊಂಡಳು. ಹೋಗುವಾಗ ಬರುವಾಗ ಹಾಡಿಲ್ಲ. ತಲೆ ಸಿಡಿಯುತ್ತದೆ ಎನ್ನುತ್ತಿದ್ದ. ಅವನು ಸತ್ತದ್ದು ಕಿತ್ತಳೆ ಹೂಬಿಡುವ ಕಾಲದಲ್ಲಿ. ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆಗೆ ದಿನವೂ ಮನೆ ತುಂಬ ಜನ. ಅಷ್ಟೂ ಜನಕ್ಕೆ ಕಾಫಿ, ಸಿಹಿ ರೊಟ್ಟಿ, ಕೊನೆಯ ದಿನ ತಮಾಲೆ ಕಡುಬಿನ ಊಟ. ಗಂಡನನ್ನು ಕಳೆದುಕೊಂಡವಳೇ ಬಡಿಸಿದಳು, ಅವಳೇ ತೊಳೆದಳು. ಕೊನೆಯ ದಿನದ ಪಾತ್ರೆ ತೊಳೆಯುತ್ತಿರುವಾಗ ಮೈದುನ ಬಲ್ದೆಮಾರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ಅಣ್ಣನ ಆಂಪು, ಪೆಟ್ಟಿಗೆ ಎಲ್ಲ ಸುಮ್ನೆ ಬಿದ್ದಿದ್ರೆ ಬಿಸಿಲಿಗೆ ಹಾಳಾಗೋಗತ್ತೆ. ನನ್ನ ಗಾಡೀಲಾದ್ರೆ ಜೋಪಾನವಾಗಿರತ್ತೆ."

ಅವಳ ಕೈ ಸೋಪಿನ ನೊರೆಯಲ್ಲಿತ್ತು. ತಲೆಯಾಡಿಸಿದಳು. ಬೆಳಗಾಗುವಷ್ಟರಲ್ಲಿ ಟ್ರಕ್ಕಿನ ಸಂದಿ ಬರಿದಾಗಿತ್ತು. ತಂತಿಗಳನ್ನೂ ಬಿಡದೆ ಎಳೆದುಕೊಂಡು ಹೋಗಿದ್ದ. ಬಾಗಿಲುಗಳಲ್ಲಿದ್ದ ಸ್ಪೀಕರುಗಳೂ ಮುಂದಿನ ರೇಡಿಯೋವೂ ಮಾತ್ರ ಉಳಿದಿದ್ದವು.

ಬಡಿತ ಹೋದಲ್ಲಿಗೆ ಭಾನುವಾರವೂ ಹೋಯಿತು. ಎರಡು ಬೀದಿ ಆಚೆಗಿದ್ದ ಬಲ್ದೆಮಾರನ ಅಂಗಳದಲ್ಲಿ ಈಗ ಕೆಂಡ, ಅವನ ಟ್ರಕ್ಕಿನ ಸುತ್ತ ಗಂಡಸರು. ಮೊದಲ ಕೆಲವು ವಾರ ಅವನ ಹೆಂಡತಿ ಸಾನ್‌ಹುವಾನಾ ಫೋನು ಮಾಡಿ, ಅಕ್ಕಾ ಅನ್ನ ನೀವೇ ಮಾಡಿಕೊಂಡು ಬನ್ನಿ, ನಿಮ್ಮ ಕೈಯ ರುಚಿ ನಮಗೆ ಬರಲ್ಲ ಎನ್ನುತ್ತಿದ್ದಳು. ಎರ್ಮೆಲಿಂದಾ ಕೊಪ್ಪರಿಗೆ ಹೊತ್ತು ಹೋಗುತ್ತಿದ್ದಳು. ಇನ್ನೊಬ್ಬರ ಅಡುಗೆಮನೆಯಲ್ಲಿ ಸೌಟು ಎಲ್ಲಿದೆಯೆಂದು ಕೇಳಿಕೊಂಡು ಕೆಲಸ ಮಾಡುತ್ತಿದ್ದಳು. ಆಮೇಲೆ ಸಾನ್‌ಹುವಾನಾಳ ಸೊಸೆ ಅನ್ನ ಮಾಡಲು ಕಲಿತಳು. ಫೋನು ನಿಂತಿತು.

ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಚಳಿಗಾಲಕ್ಕೆ ಉತ್ತರದಿಂದ ಬಂದು ತಂಗುವ ಮುದುಕರ ಗಾಡಿಮನೆಗಳ ಟ್ರೇಲರ್ ಪಾರ್ಕಿನಲ್ಲಿ ಅವಳಿಗೆ ಬಟ್ಟೆ ಒಗೆಯುವ ಕೆಲಸ. ಅಲ್ಲಿ ಯಂತ್ರಗಳ ಗದ್ದಲವಿತ್ತು. ಭಾನುವಾರ ಮಾತ್ರ ಮನೆ ಕಿವಿ ಮುಚ್ಚಿದ ಹಾಗಿರುತ್ತಿತ್ತು. ಸಿಂಕಿನ ಮುಂದೆ ನಿಂತರೆ ತಟ್ಟೆಗಳು ತಟ್ಟೆಗಳ ಹಾಗೆ ಸುಮ್ಮನೆ ಕೂತಿರುತ್ತಿದ್ದವು. ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಯ ದಿಕ್ಕು ಬದಲಾದಾಗ ಬಲ್ದೆಮಾರನ ಅಂಗಳದ ಬಡಿತ ತೆಳ್ಳಗೆ ಕೇಳಿಸುತ್ತಿತ್ತು. ಅದು ತನ್ನ ಮನೆಯದೇ ಬಡಿತವೆಂದು ಅವಳಿಗೆ ಗುರುತು ಸಿಗುತ್ತಿತ್ತು.

ಒಮ್ಮೆ ಬೇಲಿಯ ಈಚೆ ನಿಂತಿದ್ದ, ಪಕ್ಕದ ಮನೆಯ ನನಗೆ ಅವಳು ಹೇಳಿದ್ದು ಇಷ್ಟೆ. "ಟ್ರಕ್ಕು ಹಾಡಿದ್ರೆ ಅವ್ರು ಬರ್ತಾರೆ. ಅವ್ರು ನನ್ನನ್ನ ನೋಡೋಕೆ ಯಾವತ್ತು ಬರ್ತಿದ್ರು, ಹೇಳು."

ಶನಿವಾರ ಪುಲ್ಗಾ ಎನ್ನುವ ಹಳೆ ಸಾಮಾನಿನ ಸಂತೆಗೆ ಹೋದಳು. ಕಾರಿನ ಸ್ಪೀಕರು, ತಂತಿ, ಆಂಪು ಹರಡಿಕೊಂಡು ಕೂತಿದ್ದ ಮುದುಕ ಎಲಿಯೋದೊರೊ ಅವಳನ್ನು ನೋಡಿ ನಕ್ಕ.

"ಯಾರಿಗಮ್ಮಾ? ಮಗನಿಗಾ, ಮೊಮ್ಮಗನಿಗಾ?"

"ಟ್ರಕ್ಕಿಗೆ."

"ಟ್ರಕ್ಕಿಗೆ ಅಂತ ಗೊತ್ತು. ಕೂರ್ಸೋರು ಯಾರು?"

"ನಿಂಗ್ಯಾಕೆ? ನೀನು ಮಾರು."

ದೊಡ್ಡದನ್ನು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಬೇಸ್ ಪೆಟ್ಟಿಗೆಯನ್ನು ಮುಟ್ಟಿ ನೋಡಿ ಬಿಟ್ಟಳು. ನಾಲ್ಕು ಸ್ಪೀಕರಿಗೆ ಸಾಕಾಗುವ, ಇಟ್ಟಿಗೆಗಿಂತ ಸ್ವಲ್ಪ ಉದ್ದದ ಒಂದು ಆಂಪು, ಕೆಂಪು ದಪ್ಪ ತಂತಿ, ರೇಡಿಯೋದಿಂದ ದನಿ ತರುವ ಜೋಡಿ ಸಣ್ಣ ತಂತಿ, ಒಂದು ಫ್ಯೂಸು, ಇಷ್ಟನ್ನು ಹಳೆಯ ದಿಂಬಿನ ಚೀಲದಲ್ಲಿ ಹಾಕಿಕೊಂಡು ಬಂದಳು.

ಚರ್ಚು ಮುಗಿದ ಮಧ್ಯಾಹ್ನಗಳಲ್ಲಿ ಕೆಲಸ ನಡೆಯಿತು. ಮೊದಲು ಬ್ಯಾಟರಿಯ ಕಪ್ಪು ತಂತಿ ಬಿಚ್ಚಬೇಕು, ಅದು ಅವಳಿಗೆ ಗೊತ್ತು. ಕ್ಯಾಬಿನ ನೆಲಕ್ಕೆ ಸ್ಕ್ರೂ ಹೊಡೆಯುವ ಮುಂಚೆ ಗಾಡಿಯ ಕೆಳಗೆ ಮಲಗಿ ನೋಡಬೇಕು, ಅದೂ ಗೊತ್ತು. ನಿಕನೋರನ ಗೆಳೆಯನೊಬ್ಬ ನೋಡದೆ ಹೊಡೆದು ಪೆಟ್ರೋಲಿನ ಕೊಳವೆಗೆ ತೂತು ಮಾಡಿದ್ದ. ಇವಳು ರಟ್ಟು ಹಾಸಿಕೊಂಡು ಕೆಳಗೆ ಮಲಗಿ ನೋಡಿದಳು. ಕೊಳವೆ ಸರಿಯಾಗಿ ಆ ಜಾಗದಲ್ಲೇ ಹಾದುಹೋಗಿತ್ತು. ನೆಲದ ಗೊಡವೆಯೇ ಬೇಡವೆಂದು ಹಿಂಗೋಡೆಯಲ್ಲಿ ಜಾಕಿ ಸಿಕ್ಕಿಸಲು ಇದ್ದ ತೂತುಗಳಿಗೆ ಒಂದು ಪ್ಲೈವುಡ್ ಹಲಗೆಯನ್ನು ಬೋಲ್ಟು ಮಾಡಿ, ಆ ಹಲಗೆಗೆ ಆಂಪನ್ನು ಕೂರಿಸಿದಳು. ಹಲಗೆ ಎಂದರೆ ಅವಳ ತೋರ್ತಿಯಾ ಲಟ್ಟಿಸುವ ಹಳೆಯ ಹಲಗೆ. ಒಬ್ಬಳಿಗೆ ಅಷ್ಟು ದೊಡ್ಡದು ಬೇಕಿರಲಿಲ್ಲ.

ಅರ್ತಿಂಗ್ ತಂತಿ ಹಿಡಿಯಲು ಗೋಡೆಯ ಬಣ್ಣ ಕೆರೆದು ಬರಿ ಲೋಹ ಕಾಣಿಸಬೇಕು. ಕಾವಲಿ ಉಜ್ಜುವ ತಂತಿಯ ಗುಂಜು ತಂದು ತಿಕ್ಕಿದಳು. ಆ ಕೈಗೆ ಅದು ಹೊಸ ಕೆಲಸವಲ್ಲ. ಟಾರ್ಚನ್ನು ಮಾತ್ರ ಬಾಯಲ್ಲಿ ಕಚ್ಚಿಕೊಳ್ಳಬೇಕಾಯಿತು. ಜೊಲ್ಲು ಸುರಿದು ಅಂಗಿ ಒದ್ದೆಯಾಯಿತು.

ಎಲ್ಲ ಮುಗಿಸಿ ಗಾಡಿ ಚಾಲೂ ಮಾಡಿದಳು. ಹಾಡು ಬಂತು. ಹಾಡಿನ ಜೊತೆಗೆ ಸೊಳ್ಳೆಯಂಥ ಒಂದು ಕುಂಯ್‌ಗುಡುವ ಸದ್ದೂ ಬಂತು. ಆಕ್ಸಿಲರೇಟರ್ ಒತ್ತಿದರೆ ಸೊಳ್ಳೆ ದೊಡ್ಡದಾಗುತ್ತಿತ್ತು, ಬಿಟ್ಟರೆ ಸಣ್ಣದಾಗುತ್ತಿತ್ತು. ಬಲ್ದೆಮಾರ್ ಇದನ್ನು ಕೇಳಿದರೆ ಬೀದಿಯ ಕೊನೆಯವರೆಗೂ ನಗುತ್ತಲೇ ಹೋಗುತ್ತಾನೆ. ಇನ್ನೊಮ್ಮೆ ಬರುವುದಿಲ್ಲ.

ಮತ್ತೆ ಬಣ್ಣ ಕೆರೆದಳು, ಬೋಲ್ಟು ಬಿಗಿದಳು. ಸೊಳ್ಳೆ ಹೋಗಲಿಲ್ಲ. ಒಂದು ವಾರವೆಲ್ಲ ಬಟ್ಟೆಯ ಯಂತ್ರಗಳ ನಡುವೆ ಅದನ್ನೇ ಯೋಚಿಸಿದಳು. ಮುಂದಿನ ಭಾನುವಾರ ಸ್ಪ್ಯಾನರು ತೆಗೆದುಕೊಳ್ಳಲಿಲ್ಲ. ಟಾರ್ಚು ಹಿಡಿದು ಬಲಗಡೆಯ ಬಾಗಿಲಿಗೆ ಹೋಗಿ, ಮೂವತ್ತು ವರ್ಷ ನಿಂತ ಜಾಗದಲ್ಲಿ ನಿಂತು, ಸೀಟು ಮಡಚಿ, ಯಾರೂ ಇಲ್ಲದ ಸಂದಿಗೆ ಬೆಳಕು ಬಿಟ್ಟಳು. ನಾನು ಆಗ ಹಗ್ಗದ ಮೇಲೆ ಬಟ್ಟೆ ಹಾಕುತ್ತಿದ್ದೆ. ಬಹಳ ಹೊತ್ತು ಹಾಗೇ ನಿಂತಿದ್ದಳು. ನಡುವೆ ಟಾರ್ಚನ್ನು ಎಡಗೈಗೆ ಬದಲಾಯಿಸಿಕೊಂಡಳು. ಕೈ ನೋಯುತ್ತಿತ್ತೋ, ಅಭ್ಯಾಸವೋ.

ಆಮೇಲೆ ಅವಳೇ ನನಗೆ ವಿವರಿಸಿದಳು. ಅವಳ ನೆನಪಿನಲ್ಲಿ ದಪ್ಪ ಕೆಂಪು ತಂತಿ ಆಚೆ ಬಾಗಿಲ, ಅಂದರೆ ಎಡ ಬಾಗಿಲ, ಹೊಸ್ತಿಲಿನ ಉದ್ದಕ್ಕೆ ಹೋಗುತ್ತಿತ್ತು, ದನಿಯ ಸಣ್ಣ ತಂತಿಗಳು ತನ್ನ ಕಡೆಯ ಹೊಸ್ತಿಲಿನಲ್ಲಿ, ಕೈಗೆ ಎಟುಕುವಂತೆ. ಆದರೆ ಆ ನೆನಪು ದೀಪ ಹಿಡಿದವಳದು. ಕೆಲಸ ಮಾಡುವಾಗ ಅವಳು ಕೂತದ್ದು ನಿಕನೋರ್ ಬಗ್ಗುತ್ತಿದ್ದ ಎಡಗಡೆಯಲ್ಲಿ. ಕೆಂಪು ತಂತಿ ಬ್ಯಾಟರಿಯಿಂದ ಒಳಗೆ ಬರಲು ಇದ್ದ ತೂತಿನ ದಾರಿ ಹಿಡಿದು ಎಡಕ್ಕೇ ಬಂದಿತ್ತು. ಸಣ್ಣ ತಂತಿಗಳನ್ನು ಅವಳು ನೆನಪಿನಂತೆ 'ನನ್ನ ಕಡೆ' ಎಂದು ಎಡಕ್ಕೇ ಹಾಕಿದ್ದಳು. ಎರಡೂ ಒಂದನ್ನೊಂದು ಒತ್ತಿಕೊಂಡು ಬಂದು, ಕೆಂಪು ತಂತಿಯೊಳಗಿನ ಎಂಜಿನ್ನಿನ ಗದ್ದಲ ದನಿಗೆ ಅಂಟಿತ್ತು.

"ಇಷ್ಟು ವರ್ಷ ಆ ಗಾಡೀಲಿ ನನ್ನ ಕಡೆ ಅಂದ್ರೆ ಬಲಗಡೆನೇ. ನಂಗೆ ಮರ್ತೇಹೋಗಿತ್ತು, ಈಗ ಎರಡು ಕಡೆನೂ ನಂದೇ ಅಂತ," ಎಂದಳು. ನಗಲಿಲ್ಲ.

ಸಣ್ಣ ತಂತಿಗಳನ್ನು ಬಲಕ್ಕೆ ಸರಿಸಿದಳು. ಸೊಳ್ಳೆ ಸತ್ತಿತು. ಮುಂಗಾಜಿನ ಮೇಲೆ ಬಿಸಿಲು ತಡೆಯುವ ರೆಕ್ಕೆಯಲ್ಲಿ ನಿಕನೋರ್ ಸಿಕ್ಕಿಸಿಟ್ಟಿದ್ದ ಹಾಡಿನ ಡಿಸ್ಕುಗಳಲ್ಲಿ ಒಂದನ್ನು ಹಾಕಿ, ಗಾಳಿಗೆ ಬಾಗಿಲು ಮುಚ್ಚಿಕೊಂಡು ಕೂತಳು. ಮೂರು ಬಡಿತ, ಒಂದು ಬಿಡುವು, ಮತ್ತೆ ಮೂರು ಬಡಿತ. ಈ ಹಾಡು ಅವಳ ಅಂಗೈಗೆ ಗೊತ್ತಿತ್ತು. ಇದು ಬಂದಾಗಲೆಲ್ಲ ಗಂಡಸರು ಒಟ್ಟಿಗೆ ಕೂಗಿ ಹಾಡುತ್ತಿದ್ದರು, ಆದ್ದರಿಂದ ಕುದುರೆಯದೋ ಕುಡಿತದ್ದೋ ಕುಣಿತದ್ದೋ ಹಾಡು ಎಂದುಕೊಂಡಿದ್ದಳು. ಈಗ ಬೇಸ್ ಪೆಟ್ಟಿಗೆಯಿಲ್ಲದ ಸಣ್ಣ ಆಂಪಿನಲ್ಲಿ ಬಡಿತ ಹಿಂದೆ ಸರಿದು ಮಾತು ಮುಂದೆ ಬಂತು. ಹೆಂಡತಿ ಹೊರಟುಹೋದ ಗಂಡಸೊಬ್ಬ ಅಳುತ್ತಿದ್ದ. ಕಾಫಿಯ ಡಬ್ಬಿ ಎಲ್ಲಿದೆ ಗೊತ್ತಿಲ್ಲ, ಅಂಗಿಯ ಗುಂಡಿ ಕಿತ್ತುಬಂದಿದೆ, ಮೇಜಿನ ಎದುರಿಗೆ ಕೂರುವವರಿಲ್ಲ, ಬಾ ಎಂದು ಕರೆಯುತ್ತಿದ್ದ. ಇದನ್ನೇ ಅವರು ಅಂಗಳದಲ್ಲಿ ಹೆಗಲ ಮೇಲೆ ಕೈಹಾಕಿಕೊಂಡು, ಕಣ್ಣೊರೆಸಿಕೊಂಡು ಹಾಡುತ್ತಿದ್ದದ್ದು. ಹಾಡು ಮುಗಿದ ಮೇಲೆ ಕಿಟಕಿಯ ಕಡೆ ತಿರುಗಿ, ತೋರ್ತಿಯಾ ಆಯ್ತಾ ಎಂದು ಕೂಗುತ್ತಿದ್ದದ್ದು.

ಅವಳು ಅದನ್ನು ಇನ್ನೊಮ್ಮೆ ಹಾಕಿ ಕೇಳಿದಳು. ನಿಕನೋರ್ ತನ್ನ ಎದುರಿಗೆ ಕೂತು ಉಂಡ ಭಾನುವಾರ ಯಾವುದೆಂದು ಹುಡುಕಿದಳಂತೆ. ಸಿಗಲಿಲ್ಲವಂತೆ.

ಮರುವಾರ ಸಾನ್‌ಹುವಾನಾಳಿಗೆ ಫೋನು ಮಾಡಿ, ಮಾಂಸ ತಂದಿದ್ದೇನೆ, ಟ್ರಕ್ಕು ಹಾಡುತ್ತಿದೆ, ಎಲ್ಲರೂ ಬನ್ನಿ ಎಂದು ಕರೆದಳು. ಬಂದರು. ಬಲ್ದೆಮಾರ್, ಸಾನ್‌ಹುವಾನಾ, ಬಲ್ದೆಮಾರನ ಜೊತೆಗಾರರು ಮೂವರು. ಬಲ್ದೆಮಾರ್ ಸೀದಾ ಟ್ರಕ್ಕಿನ ಹತ್ತಿರ ಹೋಗಿ ಸೀಟು ಮಡಚಿ ಸಂದಿಗೆ ತಲೆ ಹಾಕಿದ.

"ಇದ್ಯಾರು ಕೂರ್ಸಿದ್ದು?"

"ನಾನು."

"ಅತ್ತಿಗೆ, ಈಗಷ್ಟೇ ಚರ್ಚಿನಿಂದ ಬಂದಿದೀರಾ. ಸುಳ್ಳು ಹೇಳೋಕೆ ನಾಳೆವರೆಗಾದ್ರೂ ಕಾಯಿರಿ." ಜೊತೆಗಾರರು ನಕ್ಕರು. ಅವನು ಹಲಗೆ ಹಿಡಿದು ಅಲ್ಲಾಡಿಸಿದ. ಅಲುಗಲಿಲ್ಲ. "ಗಟ್ಟಿಯಾಗೇನೋ ಇದೆ. ಲಟ್ಟಿಸೋ ಹಲಗೆನೇ ಬೇಕಿತ್ತಾ?"

ಬಾಗಿಲು ತೆರೆದರು, ಹಾಡು ಹಚ್ಚಿದರು, ಬಲ್ದೆಮಾರ್ ಅಣ್ಣನ ಸೀಟಿನಲ್ಲಿ ಒಂದು ಕಾಲು ಹೊರಗೆ ಬಿಟ್ಟುಕೊಂಡು ಕೂತ. ಕೆಂಡ ಹತ್ತಿತು. ಎರ್ಮೆಲಿಂದಾಳಿಗೆ ಬೇಕಾದದ್ದೆಲ್ಲ ಅಂಗಳದಲ್ಲಿತ್ತು. ಆಗ ಬಲ್ದೆಮಾರ್ ಎಂದಿನಂತೆ ತೋರ್ತಿಯಾ ಕೇಳಿದ. ಅವಳು ಎಂದಿನಂತೆ ಒಳಗೆ ಹೋದಳು.

ಸಾನ್‌ಹುವಾನಾ ಆಗಲೇ ಈರುಳ್ಳಿ ಹೆಚ್ಚುತ್ತಿದ್ದಳು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಸಾನ್‌ಹುವಾನಾ ಕೇಳಿದಳು.

"ಅಕ್ಕಾ, ಹಾಡು ನಿಲ್ಸಿದ್ರಾ?"

"ಇಲ್ಲ, ಹಾಕಿದಾರೆ."

"ನಂಗೇನೂ ಕೇಳ್ತಿಲ್ಲ."

ಎರ್ಮೆಲಿಂದಾ ಕೈ ಎತ್ತಿ ತಟ್ಟೆಗಳ ಮೇಲೆ ಇಟ್ಟಳು. ತಣ್ಣಗಿದ್ದವು. ಕಿಟಕಿಯಾಚೆ ಗಂಡಸರ ಬಾಯಿ ಒಟ್ಟಿಗೆ ತೆರೆದುಕೊಳ್ಳುವುದು ಕಾಣುತ್ತಿತ್ತು. ಮೊದಲು ಅರ್ಧವಾದರೂ ಗೋಡೆ ದಾಟಿ ಬರುತ್ತಿತ್ತು. ಈಗ ಅದೂ ಇಲ್ಲ. ಬಡಿತವಿಲ್ಲದ ಈ ಆಂಪನ್ನು ತಾನೇ ತನ್ನ ಕೈಯಾರೆ ಕೂರಿಸಿದ್ದಳು.

ಕಾವಲಿಯ ಉರಿ ಆರಿಸಿ, ಕೈ ಒರೆಸಿಕೊಂಡು ಹೊರಗೆ ಬಂದಳು. ಟ್ರಕ್ಕಿನ ಹತ್ತಿರ ಹೋಗಿ, ಸ್ವಲ್ಪ ಈಚೆ ಬಾ ಎಂದು ಬಲ್ದೆಮಾರನಿಗೆ ಹೇಳಿದಳು. ಏನೋ ಎತ್ತಿಕೊಳ್ಳಲು ಬಂದಿದ್ದಾಳೆಂದು ಅವನು ಇಳಿದು ದಾರಿ ಬಿಟ್ಟ. ಅವಳು ಹತ್ತಿ ಸ್ಟೇರಿಂಗಿನ ಮುಂದೆ ಕೂತು, ಆ ಹಾಡನ್ನು ಮೊದಲಿನಿಂದ ಹಾಕಿದಳು. ಗಂಡಸರು ಬಿಯರ್ ಹಿಡಿದು ಕಾದರು. ಅವಳು ಇಳಿಯಲಿಲ್ಲ. ಒಬ್ಬ ಬೂಟಿನ ತುದಿಯಿಂದ ಮಣ್ಣು ಕೆದಕಿದ. ಇನ್ನೊಬ್ಬ ಕೆಂಡ ನೋಡುವ ನೆಪದಲ್ಲಿ ಹೋದ. ಅವಳ ಎದುರಿಗೆ ಆ ಹಾಡು ಹಾಡಲು ಯಾರಿಗೂ ಬಾಯಿ ಬರಲಿಲ್ಲ.

ಬಲ್ದೆಮಾರ್ ಬಾಗಿಲಿಗೆ ಒರಗಿ ದನಿ ತಗ್ಗಿಸಿದ. ಅವನೇನು ಕೆಟ್ಟವನಲ್ಲ. "ಅತ್ತಿಗೆ, ಇದ್ರಲ್ಲಿ ಬಡಿತ ಇಲ್ಲ, ಅದ್ಕೇ ಯಾರಿಗೂ ಹುರುಪಿಲ್ಲ. ಅಣ್ಣನ ಪೆಟ್ಟಿಗೆ, ಆಂಪು ವಾಪಸ್ ತಂದು ಕೂರಿಸ್ಕೊಡ್ತೀನಿ. ಮೊದ್ಲಿನ ಹಾಗೆ ಪ್ರತಿ ಭಾನುವಾರ ಎಲ್ಲ ಇಲ್ಲೇ ಸೇರೋಣ. ಆಗ್ಬಹುದಾ?"

ಅವಳು ಕೇಳಿಕೊಳ್ಳಬೇಕೆಂದಿದ್ದದ್ದು ಅದನ್ನೇ. ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ಅವಳು ಸ್ಟೇರಿಂಗಿನ ಮೇಲಿದ್ದ ತನ್ನ ಅಂಗೈಯನ್ನು ನೋಡಿಕೊಂಡಳು.

"ಬೇಡ ಬಲ್ದೆ. ತಟ್ಟೆ ಅಲುಗತ್ತೆ."

"ತಟ್ಟೆನಾ? ಮೂವತ್ತು ವರ್ಷ ಅಲುಗ್ಲಿಲ್ವಾ? ಒಂದಾದ್ರೂ ಒಡೀತಾ?"

"ಒಡೀಲಿಲ್ಲ. ನಾನು ಹಿಡ್ಕೊಂಡಿರ್ತಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಚಾಕು ಹಿಡಿದು ನಿಂತಿದ್ದ ಸಾನ್‌ಹುವಾನಾಳಿಗೆ ಆ ಮಾತು ಕೇಳಿಸಿತೋ ಇಲ್ಲವೋ ನಾನು ಹೇಳಲಾರೆ. ಸಾನ್‌ಹುವಾನಾ ಹೊರಗೆ ಬರಲಿಲ್ಲ. ಕಾವಲಿಯ ಉರಿ ಮತ್ತೆ ಹಚ್ಚಿ, ಉಳಿದ ತೋರ್ತಿಯಾಗಳನ್ನು ಅವಳೇ ಬೇಯಿಸಿದಳು. ಎಲ್ಲರೂ ತಟ್ಟೆ ಕೈಯಲ್ಲಿ ಹಿಡಿದು ಬೇಗ ಉಂಡರು. ಬೇರೆ ಎಲ್ಲೋ ಹೋಗುವುದಿದೆಯೆಂದು ಒಬ್ಬರಾದ ಮೇಲೊಬ್ಬರು ಹೊರಟರು. ಹೊತ್ತು ಮುಳುಗುವ ಮೊದಲೇ ಎರಡು ಬೀದಿ ಆಚೆಯಿಂದ ಬಡಿತ ಶುರುವಾಯಿತು. ಎರ್ಮೆಲಿಂದಾ ಜಾಲರಿ ಉಜ್ಜುತ್ತಿದ್ದಳು.

ಅದಾದ ಮೇಲೆ ಆ ಅಂಗಳಕ್ಕೆ ಯಾರೂ ಬಂದಿಲ್ಲ. ಭಾನುವಾರ ಮಧ್ಯಾಹ್ನ ನಾನು ಬಟ್ಟೆ ತೆಗೆಯಲು ಹೊರಗೆ ಹೋದಾಗ ಕಾಣುತ್ತದೆ, ಟ್ರಕ್ಕಿನ ಎರಡೂ ಬಾಗಿಲು ಮುಚ್ಚಿರುತ್ತವೆ. ಗಾಜಿನ ಹಿಂದೆ ಅವಳ ತುಟಿ ಅಲುಗುತ್ತಿರುತ್ತದೆ. ಹಾಡಿನ ಮಾತುಗಳನ್ನೆಲ್ಲ ಕಲಿತಿದ್ದಾಳೆ. ಹೊರಗೆ ನಿಂತ ನನಗೆ ಒಂದಕ್ಷರವೂ ಕೇಳಿಸುವುದಿಲ್ಲ. ಪಕ್ಕದ ಸೀಟಿನ ಮೇಲೆ, ಅವಳು ಇಷ್ಟು ವರ್ಷ ಕೂತ ಜಾಗದಲ್ಲಿ, ಬಟ್ಟೆಯಲ್ಲಿ ಸುತ್ತಿದ ಎರಡು ತೋರ್ತಿಯಾ ಇರುತ್ತವೆ. ಹಾಡುಗಳು ಮುಗಿಯುವಷ್ಟರಲ್ಲಿ ಅವು ಆರಿ ಬಿರುಸಾಗಿರುತ್ತವೆ. ಅವಳು ಅಲ್ಲೇ ಕೂತು ಮುರಿದು ತಿನ್ನುತ್ತಾಳೆ. ಬಿಸಿ ಮಾಡಲು ಒಳಗೆ ಹೋಗುವುದಿಲ್ಲ.